ಕೂಲಿಯ ಅಳತೆ: ಮೋಕ ಸೀಮೆಯ ದುಡಿಮೆಯ ಚರಿತ್ರೆ

ವೇದಾವತಿ ನದಿಗೆ ಬಳ್ಳಾರಿ ಕಡೆಯ ಜನ ಹಗರಿ ಎನ್ನುತ್ತಾರೆ. ಆ ಹಗರಿಯ ದಂಡೆಯಲ್ಲಿ, ಆಂಧ್ರದ ಗಡಿಗೆ ಹತ್ತಿರವಾಗಿ ಇರುವ ಹೋಬಳಿ ಕೇಂದ್ರ ಮೋಕ. ಪಶ್ಚಿಮಕ್ಕೆ ಕುರುಗೋಡು, ಉತ್ತರಕ್ಕೆ ಸಿರುಗುಪ್ಪ, ದಕ್ಷಿಣಕ್ಕೆ ಬಳ್ಳಾರಿ ನಗರ. ಈ ಎರೆಭೂಮಿಯ ಕೂಲಿಕಾರರ ಅಸಮಾಧಾನಕ್ಕೆ ದೀರ್ಘ ಚರಿತ್ರೆಯಿದೆ. ಎಷ್ಟು ಕೊಡುತ್ತಾರೆ ಎಂಬ ಜಗಳದ ಒಳಗೆ, ಮಾಡಿದ ಕೆಲಸವನ್ನು ಯಾರು ಅಳೆಯುತ್ತಾರೆ ಎಂಬ ಇನ್ನೊಂದು ಜಗಳ ಯಾವಾಗಲೂ ಇತ್ತು.

ಮಳೆಯನ್ನೇ ನಂಬಿದ್ದ ಕಾಲದಲ್ಲಿ ಇಲ್ಲಿ ಜೋಳ, ನವಣೆ, ಹತ್ತಿ ಮುಖ್ಯ ಬೆಳೆಗಳು. ಸುಗ್ಗಿಯಲ್ಲಿ ಕೂಲಿಯನ್ನು ಕಾಳಿನಲ್ಲೇ ಅಳೆದು ಕೊಡುತ್ತಿದ್ದರು. ಕಾಳಿನ ಕೂಲಿಗೆ ಒಂದು ಅನುಕೂಲವಿತ್ತು: ಪೇಟೆಯಲ್ಲಿ ಧಾರಣೆ ಏರಿದರೂ ಕೂಲಿಯವರ ಊಟ ಕುಗ್ಗುತ್ತಿರಲಿಲ್ಲ. ಆದರೆ ಅಳೆಯುವ ಸೇರು ಒಡೆಯನ ಕೈಯಲ್ಲಿತ್ತು. ಸಾಲ ತೀರಿಸಲು ಜೀತಕ್ಕೆ ನಿಂತವನಿಗಂತೂ ಲೆಕ್ಕ ಕೇಳುವ ಬಾಯಿಯೇ ಇರಲಿಲ್ಲ. ಜೀತವನ್ನು ರದ್ದುಮಾಡುವ ಕಾಯ್ದೆ ಬಂದದ್ದು 1976ರಲ್ಲಿ.

ಮಳೆ ಹೋದರೆ ಬೆಳೆಯೂ ಇಲ್ಲ, ಕೂಲಿಯೂ ಇಲ್ಲ. 1876ರಲ್ಲಿ ಹಾಗೆಯೇ ಆಯಿತು. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದಿದ್ದ ಬಳ್ಳಾರಿ ಆಗ ಮದ್ರಾಸ್ ಪ್ರಾಂತದ ಜಿಲ್ಲೆ. 1876–78ರ ಬರ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ ಅದೂ ಒಂದು. ಹಸಿದವರಿಗೆ ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು: ಮಣ್ಣು ಹೊರುವುದು, ಜಲ್ಲಿ ಒಡೆಯುವುದು, ರಸ್ತೆ ಹಾಕುವುದು. 1877ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚು ಹೆಚ್ಚಾಯಿತೆಂದು ಕೂಲಿಯನ್ನು ಕಡಿತಗೊಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಕೈಗೆ ಚಿಲ್ಲರೆ ಕಾಸು. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಇದು ‘ಟೆಂಪಲ್ ಕೂಲಿ’ ಎಂದೇ ಚರಿತ್ರೆಯಲ್ಲಿ ದಾಖಲಾಗಿದೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಮೈಮುರಿದು ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಅದರ ಜೊತೆಗೆ ಬೇಳೆ, ತರಕಾರಿ ಬೇಕೆಂಬುದು ಅವರ ವಾದ. ನೆರೆಯ ಮುಂಬೈ ಪ್ರಾಂತದಲ್ಲಿ ಕಾಮಗಾರಿಯ ಜನ ಈ ಕೂಲಿಯನ್ನು ಒಪ್ಪದೆ ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟರು; ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು. ಹಸಿವಿನಲ್ಲಿದ್ದವರೂ ಕೂಲಿ ಅನ್ಯಾಯವೆಂದು ಕೆಲಸ ನಿಲ್ಲಿಸಿದ್ದು ಈ ನಾಡಿನ ಕಾರ್ಮಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಮದ್ರಾಸ್ ಸರ್ಕಾರ ಕೆಲವು ತಿಂಗಳಲ್ಲಿ ಕೂಲಿಯನ್ನು ಸ್ವಲ್ಪ ಏರಿಸಿತು. ಅಷ್ಟರಲ್ಲಿ ಸಾವು ಊರೂರು ಹೊಕ್ಕಿತ್ತು.

ನೀರು ಬಂದದ್ದು ಮುಕ್ಕಾಲು ಶತಮಾನದ ನಂತರ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಕಾಲುವೆ ಅಗೆಯುವಂಥ ಕೆಲಸದಲ್ಲಿ ದಿನಗೂಲಿಯ ಬದಲು ಅಗೆದ ಮಣ್ಣಿನ ಗಾತ್ರಕ್ಕೆ ಹಣ ಕೊಡುವುದು ರೂಢಿ. ಗುಂಡಿಯ ನಡುವೆ ಅಗೆಯದೆ ಬಿಟ್ಟ ದಿಬ್ಬವೇ ಆಳಕ್ಕೆ ಸಾಕ್ಷಿ. ಟೇಪು ಹಿಡಿಯುವವನು ಮೇಸ್ತ್ರಿ, ಪುಸ್ತಕದಲ್ಲಿ ಬರೆಯುವವನು ಓವರ್‌ಸಿಯರ್.

ಕೆಳಮಟ್ಟದ ಕಾಲುವೆಯ ನೀರು ಹರಿದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು ಎದ್ದವು. ನಾಟಿಗೆ ಹೆಂಗಸರ ಗುಂಪುಗಳು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುವ ಪದ್ಧತಿ ಬೆಳೆಯಿತು. ಹತ್ತಿ ಬಿಡಿಸಲು ಕಿಲೋ ಲೆಕ್ಕ. ಗುತ್ತಿಗೆ ಹಿಡಿದ ಗುಂಪಿಗೆ ದರ ಚೌಕಾಸಿ ಮಾಡುವ ಬಲ ಬಂತು. ಒಬ್ಬೊಬ್ಬಳೇ ಹೋಗಿ ಕೇಳಿದರೆ ಸಿಗದ ದರ ಹತ್ತು ಜನ ಸೇರಿ ಕೇಳಿದಾಗ ಸಿಗುತ್ತದೆ. ಆದರೆ ಕೊಯ್ಲಿಗೆ ಯಂತ್ರ ಬಂದ ಮೇಲೆ ಸುಗ್ಗಿಯ ಕೂಲಿಯ ದೊಡ್ಡ ಪಾಲು ಕೈತಪ್ಪಿತು. ಕೊನೆಯಂಚಿನ ಗದ್ದೆಗಳಿಗೆ ನೀರು ತಲುಪದ ವರ್ಷ ಗುಳೆ ಹೊರಡುವುದು ಅನಿವಾರ್ಯ.

ಇದೇ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಲೆಕ್ಕ ಟನ್ನಿನದಾಗಿತ್ತು. ಗಂಡ ಹೆಂಡತಿ ಸೇರಿ ಸುತ್ತಿಗೆಯಿಂದ ಕಬ್ಬಿಣದ ಅದಿರು ಒಡೆದು, ಜರಡಿ ಹಿಡಿದು, ಲಾರಿಗೆ ತುಂಬಿದರೆ ತುಂಬಿದಷ್ಟಕ್ಕೆ ಹಣ ಸಿಗುತ್ತಿತ್ತು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿತು. ಗುಡ್ಡ ಹತ್ತಿದ ಜೆಸಿಬಿ, ಕ್ರಷರ್‌ಗಳು ಸುತ್ತಿಗೆ ಹಿಡಿದಿದ್ದವರನ್ನು ಕೆಳಗಿಳಿಸಿದವು. ಗಣಿ ಮಾಲೀಕರ ಸಂಪತ್ತು ದೇಶವೆಲ್ಲ ಮಾತಾಡುವಂತೆ ಬೆಳೆದ ವರ್ಷಗಳಲ್ಲೇ ಕೈಗೆಲಸದ ಗಣಿ ಕಾರ್ಮಿಕರು ನಿರುದ್ಯೋಗಿಗಳಾದರು. ಇದು ಈ ಜಿಲ್ಲೆಯ ಇತ್ತೀಚಿನ ಚರಿತ್ರೆಯ ಅತ್ಯಂತ ಕಹಿಯಾದ ಸತ್ಯ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಹೊರಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲೂಟಿ ನಿಲ್ಲಲೇಬೇಕಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಕಾರ್ಮಿಕರು ತಾವು ಕೆಲಸ ಮಾಡಿದ್ದೆವೆಂದು ತೋರಿಸಲು ದಾಖಲೆ ಎಲ್ಲಿಂದ ತರಬೇಕು? ಪರಿಹಾರದ ಬೇಡಿಕೆ ಪ್ರತಿ ಬಾರಿಯೂ ಬಂದು ನಿಂತದ್ದು ಈ ಪ್ರಶ್ನೆಯ ಮುಂದೆ.

ಭೂಮಿ ಕೊಟ್ಟವರ ಕತೆ ಇದಕ್ಕೆ ಹೊಂದಿಕೊಂಡೇ ಇದೆ. ಇದೇ ಜಿಲ್ಲೆಯ ಕುಡತಿನಿ ಸುತ್ತಲಿನ ಹಳ್ಳಿಗಳಲ್ಲಿ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು. ಕಾರ್ಖಾನೆಗಳು ಏಳಲಿಲ್ಲ, ಉದ್ಯೋಗ ಬರಲಿಲ್ಲ. ನ್ಯಾಯವಾದ ಬೆಲೆ ಮತ್ತು ಕೆಲಸ ಕೇಳಿ ಭೂಸಂತ್ರಸ್ತರು 2022ರ ಡಿಸೆಂಬರ್‌ನಲ್ಲಿ ಧರಣಿ ಕೂತರು.

ಬಳ್ಳಾರಿ ನಗರದಲ್ಲಿ ಲೆಕ್ಕ ಪೀಸಿನದು. ಕೌಲ್‌ಬಜಾರ್‌ನಂಥ ಬಡಾವಣೆಗಳ ಮನೆ, ಸಣ್ಣ ಶೆಡ್ಡುಗಳಲ್ಲಿ ಹೊಲಿದ ಜೀನ್ಸ್ ದೂರದ ಮಾರುಕಟ್ಟೆಗಳಿಗೆ ಹೋಗುತ್ತದೆ. ಕಟಿಂಗ್ ಒಬ್ಬರದು, ಹೊಲಿಗೆ ಇನ್ನೊಬ್ಬರದು, ತೊಳೆಯುವುದು ಮತ್ತೊಂದು ಘಟಕದ್ದು. ದಾರ ಕತ್ತರಿಸುವ ಕೆಲಸ ಹೆಂಗಸರ ಕೈಗೆ, ಅವರವರ ಮನೆಯಲ್ಲೇ. ಕರೆಂಟು ಹೋದರೆ ಗಳಿಕೆಯೂ ನಿಲ್ಲುತ್ತದೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿಗಿಂತ ಕಡಿಮೆ ಇದ್ದರೆ 1948ರ ಕಾರ್ಖಾನೆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಕೆಲಸ ಹೀಗೆ ಚೂರುಚೂರಾಗಿ ಹಂಚಿಹೋದಾಗ ಪಿಎಫ್, ಇಎಸ್ಐ ಕೇಳಬೇಕಾದ ಮಾಲೀಕ ಯಾರೆಂಬುದೇ ಹೊಲಿಯುವವರಿಗೆ ಗೊತ್ತಾಗುವುದಿಲ್ಲ.

ಸರ್ಕಾರವೇ ಮತ್ತೆ ಕೆಲಸ ಕೊಡುವಂತಾದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆಯಿಂದ. ಎರಡನೇ ಹಂತದಲ್ಲಿ, 2007ರಲ್ಲಿ, ಅದು ಬಳ್ಳಾರಿ ಜಿಲ್ಲೆಗೆ ಬಂತು. ಈ ಬಾರಿ ಕೆಲಸ ಸಿಗುವುದು ದಯೆಯಾಗಿರಲಿಲ್ಲ, ಹಕ್ಕಾಗಿತ್ತು. ಗಂಡಾಳು ಹೆಣ್ಣಾಳಿಗೆ ಒಂದೇ ಕೂಲಿ. ಹೊಲದ ಕೂಲಿಯಲ್ಲಿ ಕಾಣದ ಈ ಸಮಾನತೆಯೇ ಹೆಂಗಸರನ್ನು ಹೆಚ್ಚಾಗಿ ಸೆಳೆಯಿತು. ಕರ್ನಾಟಕದಲ್ಲಿ ದಿನಗೂಲಿ 2023–24ರಲ್ಲಿ 316 ರೂಪಾಯಿ, 2024–25ರಲ್ಲಿ 349, 2025–26ರಲ್ಲಿ 370. ಇಲ್ಲೂ ಪೂರ್ತಿ ಕೂಲಿ ಸಿಗುತ್ತಿದ್ದದ್ದು ನಿಗದಿತ ಗಾತ್ರದ ಮಣ್ಣು ಅಗೆದರೆ ಮಾತ್ರ. ಬೇಸಿಗೆಯಲ್ಲಿ ಎರೆಮಣ್ಣು ಕಲ್ಲಿನಂತೆ ಗಟ್ಟಿಯಾದಾಗ ಅಷ್ಟು ಅಗೆಯಲಾಗದೆ ಕೂಲಿ ಕಡಿಮೆ ಬೀಳುತ್ತಿತ್ತು. ಹದಿನೈದು ದಿನದೊಳಗೆ ಖಾತೆಗೆ ಬರಬೇಕಾದ ಹಣ ತಡವಾದರೆ, ಕೆಲಸದ ಗುಂಪಿನ ಮೇಟಿಯ ಮೂಲಕ ಗ್ರಾಮ ಪಂಚಾಯಿತಿಗೆ, ಅಲ್ಲಿಂದ ತಾಲ್ಲೂಕು ಪಂಚಾಯಿತಿಗೆ ದೂರು ಹೋಗುತ್ತಿತ್ತು. 1877ರ ಕೂಲಿಕಾರನಿಗೆ ದೂರು ಬರೆದು ಕೊಡುವ ಜಾಗ ಇರಲಿಲ್ಲ. 2005ರ ಕಾಯ್ದೆ ಕೆಲಸ ಕೇಳಿ ಅರ್ಜಿ ಕೊಟ್ಟವರಿಗೆ ದಿನಾಂಕವಿರುವ ರಸೀದಿ ಪಡೆಯುವ ಹಕ್ಕು ಕೊಟ್ಟಿತು; ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ರಸೀದಿಯೇ ಆಧಾರವಾಗಿತ್ತು.