ಶನಿಯ ಉಂಗುರವೂ ಬ್ಯಾಲಾಳಿನ ಕಿವಿಯೂ

ಶನಿಗ್ರಹದ ಚಿತ್ರಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ನಸುಹಳದಿಯ ಗೋಲ, ಅದರ ಸುತ್ತ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಒತ್ತೊತ್ತಾಗಿ ಹರಡಿದ ಉಂಗುರಗಳು. ಶನಿ ಎಂದೊಡನೆ ಎಳ್ಳೆಣ್ಣೆಯ ದೀಪವನ್ನು ನೆನೆಯುವವರೂ ಆ ಚಿತ್ರದ ಮುಂದೆ ಒಂದು ಗಳಿಗೆ ಕಾಟವನ್ನು ಮರೆತು ನಿಲ್ಲುತ್ತಾರೆ. 2004ರಿಂದ 2017ರವರೆಗೆ ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯೊಂದೇ ಸುಮಾರು ನಾಲ್ಕೂವರೆ ಲಕ್ಷ ಚಿತ್ರಗಳನ್ನು ಕಳುಹಿಸಿತು. ದಕ್ಷಿಣ ಧ್ರುವದಿಂದ ಹಿಮದ ಕಾರಂಜಿ ಚಿಮ್ಮಿಸುವ ಎನ್ಸೆಲಡಸ್, ಒಂದು ಮಗ್ಗುಲು ಕಪ್ಪು ಇನ್ನೊಂದು ಮಗ್ಗುಲು ಬಿಳುಪಾದ ಇಯಾಪೆಟಸ್, ಹೀಗೆ ಚಂದ್ರರ ಸಂತೆಯೇ ಅಲ್ಲಿದೆ. ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು 2013ರ ಜುಲೈ 19ರ ಚಿತ್ರ. ಶನಿಯ ನೆರಳಿನಲ್ಲಿ ನಿಂತು ತೆಗೆದ ಆ ಚಿತ್ರದಲ್ಲಿ, ಉಂಗುರಗಳ ಕೆಳಗೆ ಸಾಸಿವೆಗಿಂತ ಚಿಕ್ಕದಾದ ಒಂದು ನೀಲಿ ಚುಕ್ಕೆಯಿದೆ. ಅದು ನಮ್ಮ ಭೂಮಿ.

ಇವನ್ನು ಚಿತ್ರಗಳೆನ್ನುತ್ತೇವೆ, ಸರಿಯೆ. ಆದರೆ ಫಿಲ್ಮಿನ ಸುರುಳಿಯನ್ನು ಯಾರೂ ಅಲ್ಲಿಂದ ಹೊತ್ತು ತರಲಿಲ್ಲ. ನೌಕೆಯ ಕ್ಯಾಮರಾ ಪ್ರತಿಯೊಂದು ಚುಕ್ಕೆಯ ಬೆಳಕನ್ನು ಅಳೆದು ಅಂಕಿ ಮಾಡುತ್ತದೆ. ಆ ಅಂಕಿಗಳು ರೇಡಿಯೋ ಅಲೆಗಳನ್ನೇರಿ ನಮ್ಮ ಕಡೆಗೆ ಹೊರಡುತ್ತವೆ. ಎಂದರೆ ಈ ಚಿತ್ರಗಳನ್ನು ನಾವು ನೋಡುವ ಮುನ್ನ ಯಾರೋ ಕೇಳಿಸಿಕೊಂಡಿರಬೇಕು. ರೇಡಿಯೋ ಇಟ್ಟುಕೊಂಡಿರುವ ನಮಗೆ ಇದು ಪೂರ್ತಿ ಹೊರಗಿನ ವಿಷಯವಲ್ಲ.

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಪ್ರೇಷಕದ ಬಲ 30 ವಾಟ್. 1980ರ ನವೆಂಬರಿನಲ್ಲಿ ಶನಿಯ ಬಳಿ ಸಾಗಿಹೋದ ವಾಯೇಜರ್ ನೌಕೆಯ ಪ್ರೇಷಕದ ಬಲ ಅದಕ್ಕಿಂತಲೂ ಕಡಮೆ, ಇಪ್ಪತ್ತರ ಆಸುಪಾಸು. ದೂರವೋ, ಸುಮಾರು 150 ಕೋಟಿ ಕಿಲೋಮೀಟರು. ಬೆಳಕಿನ ವೇಗದಲ್ಲಿ ಹೊರಟ ಅಲೆಗೂ ಒಂದೂಕಾಲು ಗಂಟೆಗೆ ಮಿಗಿಲಾದ ದಾರಿ. ನೌಕೆಯ ಬೆನ್ನಿನ 3.7 ಮೀಟರಿನ ಬಟ್ಟಲು ಆ ಅಲೆಗಳನ್ನು ಚೆದರಲು ಬಿಡದೆ ಭೂಮಿಯತ್ತಲೇ ತಿರುಗಿಸುತ್ತಿತ್ತು, ನಿಜ. ಆದರೂ ಇಲ್ಲಿಗೆ ಮುಟ್ಟುವ ವೇಳೆಗೆ ಉಳಿಯುವುದು ಪಿಸುಮಾತಿಗಿಂತ ಕ್ಷೀಣವಾದ ದನಿ. ಅದನ್ನು ಹಿಡಿಯಲು ಕ್ಯಾಲಿಫೋರ್ನಿಯ, ಸ್ಪೇನ್, ಆಸ್ಟ್ರೇಲಿಯಗಳಲ್ಲಿ 64 ಮೀಟರಿನ ಬಟ್ಟಲುಗಳು ಬೇಕಾದವು.

ಬಟ್ಟಲು ದೊಡ್ಡದಾದರೆ ಸಾಲದು. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದೊಡನೆ ವಾರ್ತೆ ಕರಕರ ಎನ್ನುವುದನ್ನು ನೀವು ಬಲ್ಲಿರಿ. ದೂರದ್ದನ್ನು ಕೇಳಲು ಸುತ್ತ ಮೌನವಿರಬೇಕು, ದೂರದ್ದನ್ನು ನೋಡಲು ಕತ್ತಲೆಯಿರಬೇಕು.

ಕತ್ತಲೆಯ ಮಾತನ್ನು ಮೊದಲು ಹೇಳುತ್ತೇನೆ. 1960ರ ದಶಕದಲ್ಲಿ ವೈನು ಬಾಪು ಅವರು ಕತ್ತಲೆಯ ತಿಳಿಯಾಕಾಶವನ್ನು ಹುಡುಕಿ ಹೊರಟು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರನ್ನು ಆರಿಸಿದರು. ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಅದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿನ ಒಂದು ಮೀಟರಿನ ದೂರದರ್ಶಕವನ್ನು ಹಿಡಿದು ಕಾದರು. ಗ್ರಹವಿನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿತು! ಹೊಸ ಚಂದ್ರನೊಬ್ಬ ಅಡ್ಡ ಬಂದಿರಬೇಕೆಂದು ಅವರು ಪ್ರಕಟಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತ ನೋಡಿದ ಅಮೆರಿಕದ ಜೇಮ್ಸ್ ಎಲಿಯಟ್ ತಂಡಕ್ಕೆ ಗ್ರಹದ ಎರಡು ಕಡೆಯೂ ಬೆಳಕು ಹಲವು ಸಲ ಕುಗ್ಗಿದ್ದು ಕಂಡಿತ್ತು. ಚಂದ್ರನಲ್ಲ, ಉಂಗುರಗಳು! ಕಾವಲೂರಿನವರು ತಮ್ಮ ದಾಖಲೆಯನ್ನು ಮತ್ತೆ ಪರೀಕ್ಷಿಸಿ, ಶನಿಗಿರುವಂಥ ಉಂಗುರಗಳು ಯುರೇನಸ್ಸಿಗೂ ಇವೆಯೆಂದು ಅದೇ ವರ್ಷ ಬರೆದರು. ಇದರಲ್ಲಿ ನಾಚಿಕೆಯೇನಿಲ್ಲ. 1610ರಲ್ಲಿ ಶನಿಯ ಉಂಗುರವನ್ನು ಕಂಡ ಗೆಲಿಲಿಯೋ, ಮೂರು ಗೋಲಗಳು ಒತ್ತಾಗಿ ನಿಂತಿವೆಯೆಂದು ತಿಳಿದಿದ್ದ. ಅದು ಉಂಗುರವೆಂದು ಹೈಗನ್ಸ್ ಪ್ರಕಟಿಸಿದ್ದು 1659ರಲ್ಲಿ. ಯುರೇನಸ್ಸಿನ ಉಂಗುರಗಳನ್ನು ವಾಯೇಜರ್-2 ಹತ್ತಿರದಿಂದ ಚಿತ್ರ ತೆಗೆದದ್ದು 1986ರ ಜನವರಿಯಲ್ಲಿ. ನೋಡಲು ಬಾಪು ಇರಲಿಲ್ಲ; 1982ರಲ್ಲಿಯೇ ತೀರಿಕೊಂಡಿದ್ದರು.

ಇನ್ನು ಮೌನದ ಮಾತು. ಕೆಂಗೇರಿ ದಾಟಿ, ದೊಡ್ಡ ಆಲದ ಮರ ನೋಡಲು ಹೋಗುವ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ನೆಲ ತಟ್ಟೆಯಂತೆ ತಗ್ಗಾಗಿದ್ದು, ಸುತ್ತಣ ಏರುಗಳು ಊರಿನ ರೇಡಿಯೋ ಗದ್ದಲವನ್ನು ತಡೆಯುತ್ತವೆ. ಆ ತಗ್ಗಿನಲ್ಲಿ ಇಸ್ರೋ ಸಂಸ್ಥೆ 32 ಮೀಟರಿನ ಬಟ್ಟಲನ್ನು ನಿಲ್ಲಿಸಿತು. ಜೊತೆಗೆ 18 ಮೀಟರಿನದೊಂದು. 2008ರ ಅಕ್ಟೋಬರ್ 17ರಂದು ಉದ್ಘಾಟನೆ. ಐದೇ ದಿನಕ್ಕೆ ಚಂದ್ರಯಾನದ ಉಡಾವಣೆ. ಶನಿಯ ಚಿತ್ರಗಳು ಬಂದದ್ದು ಇಲ್ಲಿಗಲ್ಲ. ಆದರೆ 2014ರ ಸೆಪ್ಟೆಂಬರಿನಲ್ಲಿ ಮಂಗಳನನ್ನು ಸೇರಿದ ನಮ್ಮ ನೌಕೆಯ ದನಿಗೆ ಕಿವಿಗೊಟ್ಟದ್ದು ಈ ಬಟ್ಟಲೇ. ಆ ನೌಕೆ 2020ರ ಜುಲೈ 1ರಂದು ಮಂಗಳನ ಚಂದ್ರ ಫೋಬಸ್ಸನ್ನು 4,200 ಕಿಲೋಮೀಟರು ದೂರದಿಂದ ಸೆರೆಹಿಡಿಯಿತು. ನೋಡಲು ಚೆಲುವನಲ್ಲ, ಇಲಿ ಕಚ್ಚಿದ ಆಲೂಗಡ್ಡೆಯಂತಿದ್ದಾನೆ. ಆದರೆ ಈತ ನೂರು ವರ್ಷಕ್ಕೆ ಎರಡು ಮೀಟರಿನಷ್ಟು ಮಂಗಳನತ್ತ ಇಳಿಯುತ್ತಿದ್ದಾನೆ. ಕೆಲವು ಕೋಟಿ ವರ್ಷಗಳಲ್ಲಿ ಒಡೆದು ಪುಡಿಯಾಗಿ ಮಂಗಳನಿಗೂ ಒಂದು ಉಂಗುರವಾಗಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

2022ರಲ್ಲಿ ಆ ನೌಕೆಯ ದನಿ ನಿಂತುಹೋಯಿತು. ಬಟ್ಟಲು ಮಾತ್ರ ಬೇರೆ ನೌಕೆಗಳಿಗೆ ಕಿವಿಗೊಡುತ್ತಲೇ ಇತ್ತು. 2023ರಲ್ಲಿ ಚಂದ್ರನ ಮೇಲಿಳಿದ ನೌಕೆಯನ್ನೂ ಅದು ಆಲಿಸಿತು. ಇತ್ತ ಊರು ಬೆಳೆಯುತ್ತಿದೆ. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಯನ್ನು, 2023ರಲ್ಲಿ ಚಲ್ಲಘಟ್ಟವನ್ನು ಮುಟ್ಟಿತು. ವಿಜಯನಗರದಲ್ಲಿ, ಬಸವೇಶ್ವರನಗರದಲ್ಲಿ ಬಾಡಿಗೆ ಕಟ್ಟಿ ದಣಿದವರು ಆ ಕಡೆ ಮೂವತ್ತು-ನಲವತ್ತರ ನಿವೇಶನ ಹುಡುಕುವುದು ಸಹಜವೇ, ತಪ್ಪೆನ್ನಲಾರೆ. ಆದರೆ ಮನೆಯ ಹಿಂದೆ ಮೊಬೈಲು ಗೋಪುರವೂ ಬರುತ್ತದಲ್ಲ! ಆ ದಿಕ್ಕಿನ ನಿವೇಶನಗಳ ಜಾಹೀರಾತು ಕಂಡಾಗಲೆಲ್ಲ, ಅಲ್ಲಿಂದ ಬ್ಯಾಲಾಳಿಗೆ ಎಷ್ಟು ದೂರವೆಂದು ನಾನು ಮನಸ್ಸಿನಲ್ಲೇ ಎಣಿಸುತ್ತೇನೆ.