ಕಲ್ಲಿದ್ದಲಿಲ್ಲದ ಗಣಿಯೂರು

ಬೆಳಗಿನ ಹೊತ್ತು ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ ನಿಂತವರು ಮಾರಿಕುಪ್ಪದಿಂದ ಬರುವ ಗಾಡಿಯನ್ನು ಕಂಡೇ ಇರುತ್ತಾರೆ. ಬಾಗಿಲಿನವರೆಗೂ ಜನ. ಕೆಲವರು ಇಲ್ಲಿಯೇ ಇಳಿಯುತ್ತಾರೆ. ಮಿಕ್ಕವರು ಬೈಯಪ್ಪನಹಳ್ಳಿ, ದಂಡಿನ ನಿಲ್ದಾಣಗಳತ್ತ ಸಾಗುತ್ತಾರೆ. ಕತ್ತಲಾಗುವಾಗ ಇದೇ ಜನ ಇದೇ ಹಳಿಯ ಮೇಲೆ ಹಿಂದಿರುಗುತ್ತಾರೆ. ನನ್ನ ತರಗತಿಗೂ ಈ ಗಾಡಿಯಿಂದ ಇಳಿದು ಬರುವ ಹುಡುಗರಿದ್ದಾರೆ. ಅವರಲ್ಲೊಬ್ಬ ಒಂದು ದಿನ ಕೇಳಿದ: "ಸಾರ್, ನಮ್ಮ ಕೆ.ಜಿ.ಎಫ್. ಕನ್ನಡದ ಪಾಠದಲ್ಲಿ ಎಲ್ಲೂ ಬರೋದಿಲ್ಲವಲ್ಲ, ಯಾಕೆ?" ಆಗ ಏನೋ ಹೇಳಿ ಜಾರಿಕೊಂಡೆ. ಹೇಳಬೇಕಾಗಿದ್ದುದು ಇದು.

ಕೋಲಾರದ ಚಿನ್ನದ ಗಣಿಯ ಕಥೆಯಲ್ಲಿ ಬೆಂಗಳೂರಿನ ದಂಡುಪ್ರದೇಶದ ಪಾಲು ದೊಡ್ಡದು. 1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯಲು ಹೋದ ಲೆಫ್ಟಿನೆಂಟ್ ವಾರೆನ್, ಊರಿಗಾಂ ಮತ್ತು ಮಾರಿಕುಪ್ಪದ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹ ಎಷ್ಟೋ ವರ್ಷ ಹಾಗೆಯೇ ಬಿದ್ದಿತ್ತು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ದಂಡಿನಲ್ಲಿ ಬಂದು ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕನ ಕಣ್ಣಿಗೆ ಅದು ಬಿತ್ತು. ಎತ್ತಿನ ಗಾಡಿ ಕಟ್ಟಿಸಿಕೊಂಡು ಅವನು ಕೋಲಾರದ ಕಡೆಗೆ ಹೊರಟ. ಇಂದಿನ ಲವೆಲ್ ರಸ್ತೆಗೆ ಅವನದೇ ಹೆಸರು.

1873ರಲ್ಲಿ ಲವೆಲ್ ಸರ್ಕಾರಕ್ಕೆ ಅರ್ಜಿ ಹಾಕಿದ. ಮೈಸೂರು ಆಗ ಕಮಿಷನರುಗಳ ಆಡಳಿತದಲ್ಲಿತ್ತು. ಚಿನ್ನ ಸಿಕ್ಕೀತೆಂಬ ನಂಬಿಕೆ ಅಧಿಕಾರಿಗಳಿಗೆ ಇರಲಿಲ್ಲ. ಬೇಕಿದ್ದರೆ ಕಲ್ಲಿದ್ದಲು ಹುಡುಕು ಎಂದರಂತೆ. ಲವೆಲ್ ಹಟ ಬಿಡದೆ 1875ರಲ್ಲಿ ಚಿನ್ನಕ್ಕೇ ಗುತ್ತಿಗೆ ಪಡೆದ. ಅಧಿಕಾರಿಗಳ ಮಾತು ಕೇಳಿದ್ದರೆ ಅವನು ಆಯುಷ್ಯವಿಡೀ ಅಗೆದರೂ ಒಂದು ಬುಟ್ಟಿ ಇದ್ದಲು ಸಿಗುತ್ತಿರಲಿಲ್ಲ. ಕಾಡು ಕೊಳೆತು ಕಲ್ಲಿದ್ದಲಾಗುವುದಕ್ಕೆ ಬಹುಕಾಲ ಮೊದಲೇ, ಭೂಮಿಯ ಮೇಲೆ ಮರಗಿಡಗಳೇ ಇಲ್ಲದ ಯುಗದಲ್ಲಿ, ಹುಟ್ಟಿದ ಬಂಡೆ ಕೋಲಾರದ್ದು. ಚಿನ್ನಕ್ಕೆ ಅದು ತೌರು. ಇದ್ದಲಿಗೆ ಅಲ್ಲಿ ಎಡೆಯೇ ಇಲ್ಲ.

ಈ ಕೊರತೆಯೇ ಮುಂದೆ ಊರಿನ ಹಣೆಬರಹವನ್ನು ತಿದ್ದಿತು. ಲವೆಲ್‌ನ ಕೈಯಲ್ಲಿ ಬಂಡವಾಳವಿರಲಿಲ್ಲ. ಹಕ್ಕು ಕೈಬದಲಾಗಿ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. ಆಳದಿಂದ ಅದಿರು ಎತ್ತಬೇಕು, ನೀರು ಹೊರಹಾಕಬೇಕು, ಕಲ್ಲನ್ನು ಕುಟ್ಟಿ ಪುಡಿಮಾಡಬೇಕು. ಇದಕ್ಕೆಲ್ಲ ಉಗಿಯಂತ್ರ, ಉಗಿಗೆ ಉರುವಲು. ದಾಮೋದರ ನದಿಯ ಕೊಳ್ಳದಲ್ಲಿ ಗಣಿಯ ಪಕ್ಕದಲ್ಲೇ ಇದ್ದಲು. ಇಲ್ಲಿ ಸುತ್ತಲಿನ ಕಾಡೇ ಸೌದೆಯಾಗಿ ಒಲೆ ಸೇರಿತು. 1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ಹಾಕಿದ್ದ ರೈಲುದಾರಿಗೆ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ಹತ್ತು ಮೈಲಿಯ ಕವಲು ಸೇರಿತು. ಆದರೂ ಉರುವಲಿನ ಖರ್ಚು ತಗ್ಗಲಿಲ್ಲ.

ಆಗ ಕಾವೇರಿ ನೆನಪಾದಳು. ಮೈಸೂರಿನಲ್ಲಿ ಎಂಜಿನಿಯರನಾಗಿದ್ದ ಜೋಲಿ ಡಿ ಲಾಟ್ಬಿನಿಯರ್ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಗಣಿಗೆ ಒಯ್ಯುವ ಯೋಜನೆ ಹಾಕಿದ. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. 92 ಮೈಲಿ ದೂರದ ತಂತಿ! ಅಷ್ಟು ದೂರ ವಿದ್ಯುತ್ ಹರಿಸಿದ ದೇಶಗಳು ಆಗ ಲೋಕದಲ್ಲೇ ವಿರಳ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದ, ವಿದ್ಯುದ್ಯಂತ್ರಗಳು ಅಮೆರಿಕದಿಂದ ಬಂದವು. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಗಣಿ ಮುಟ್ಟಿತು. ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ಆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ರಾಜಧಾನಿಯಂತಿದ್ದ ಊರಿಗಿಂತ ಮೊದಲು ಗಣಿಗೆ! ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿ ನಿಲ್ಲುವಂತಿರಲಿಲ್ಲ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಇದ್ದ ಕಾರಣಗಳಲ್ಲಿ ಇದೂ ಒಂದು. ಕನ್ನಂಬಾಡಿಯೆಂದರೆ ನಮಗೆ ಮಂಡ್ಯದ ಕಬ್ಬು, ಬತ್ತ. ಅದರ ನೀರು ಕೋಲಾರದ ಪಾತಾಳದಲ್ಲೂ ದುಡಿದದ್ದು ಯಾರಿಗೆ ನೆನಪಿದೆ?

ಪಾತಾಳವೆಂದದ್ದು ಅಲಂಕಾರಕ್ಕಲ್ಲ. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಗೂ ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಷಿಯಸ್ ದಾಟುತ್ತಿತ್ತು. ಮೇಲಿನ ಭಾರ ತಡೆಯಲಾರದೆ ಬಂಡೆ ತಾನಾಗಿ ಸಿಡಿಯುತ್ತಿತ್ತು. ಸಿಡಿದಾಗ ಜನ ಸತ್ತರು. ಸಿಡಿತಕ್ಕೆ ಸಿಗದವರ ಎದೆಯನ್ನು ಕಲ್ಲಿನ ದೂಳು ತಿಂದಿತು. ಮೂವತ್ತು ಸಾವಿರಕ್ಕೂ ಮಿಕ್ಕ ಜನ ದುಡಿದ ಕಾಲವಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದವರು. ಬಹಳ ಮಂದಿ ದಲಿತರು. ಅವರು ಕತ್ತಲಿಗಿಳಿದರು, ಚಿನ್ನ ಲಂಡನ್ನಿಗೆ ಹೋಯಿತು, ಮೈಸೂರಿನ ಬೊಕ್ಕಸಕ್ಕೆ ನೂರಕ್ಕೆ ಐದರಂತೆ ರಾಜಧನ ಬಂತು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಬೇಕೆಂದಾಗ ಅವರು ಕೆಲಸ ನಿಲ್ಲಿಸಿದರು: ನಾವು ದುಡಿಯಲು ಬಂದವರು, ಅಪರಾಧಿಗಳಲ್ಲ ಎಂಬುದು ಅದರ ಅರ್ಥ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಜನ ಮನೆಯಲ್ಲಿ ತಮಿಳೋ ತೆಲುಗೋ ಆಡುತ್ತಿದ್ದರು. ನಾವು ಕನ್ನಡದ ಅಧ್ಯಾಪಕರು ಅವರನ್ನು ನೆರೆಯವರೆಂದು ಎಣಿಸಿ ಸುಮ್ಮನಾದೆವು. ರಾಜ್ಯದ ಆದಾಯದಲ್ಲಿ ಎಣಿಸಿಕೊಂಡವರನ್ನು ರಾಜ್ಯದ ಕಥೆಯಲ್ಲಿ ಎಣಿಸಲಿಲ್ಲ. 2018ರಲ್ಲಿ ಆ ಊರಿನ ಹೆಸರಿನ ಕನ್ನಡ ಚಲನಚಿತ್ರ ದೇಶವನ್ನೆಲ್ಲ ಸುತ್ತಿತು ನಿಜ. ಅದು ಕಲ್ಪನೆಯ ವೀರನ ಕಥೆ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು. ಬೇಸಿಗೆಯ ಗಾಳಿಗೆ ಅದರ ದೂಳು ಮನೆಮನೆಗೆ ನುಗ್ಗುತ್ತದೆ. ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನೂ ತೆಗೆಯಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಅದರಲ್ಲಿ ಊರಿನವರಿಗೆ ಎಷ್ಟು ಕೆಲಸ ಎಂಬುದನ್ನು ಈಗಲೇ ಕೇಳಬೇಕು, ಹಿಂದೆ ಕೇಳಿದವರಿಲ್ಲ.

ಇನ್ನೊಂದು ಸಂಗತಿ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ನ ಕಾರ್ಖಾನೆ ಕೆ.ಜಿ.ಎಫ್.ನಲ್ಲಿದೆ. ಅಲ್ಲಿ ತಯಾರಾಗುವ ಬುಲ್ಡೋಜರು, ಅಗೆಯುವ ಯಂತ್ರಗಳು ದೇಶದ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುತ್ತಿವೆ. ಇದ್ದಲೇ ಸಿಗದ ಊರಿಗೆ ಅನ್ನ ಈಗ ಇದ್ದಲಿನಿಂದ. ಆದರೆ ಆ ಕಾರ್ಖಾನೆ ಎಲ್ಲರಿಗೂ ಕೆಲಸ ಕೊಡಲಾರದು. ಮಿಕ್ಕವರಿಗೆ ಮಾರಿಕುಪ್ಪದ ಗಾಡಿಯಿದೆ. ಅದು ತಡವಾದ ದಿನ ನಾನು ಹಾಜರಿಯನ್ನು ಪಾಠ ಮುಗಿದ ಮೇಲೆ ಕರೆಯುತ್ತೇನೆ.