ಸುರಪುರದ ‘ಅಪ್ಪಾ’: ಕರ್ನಲ್ ಮೆಡೋಸ್ ಟೇಲರ್ ಸ್ಮರಣೆ

ನವೆಂಬರ್ ತಿಂಗಳು ಧರ್ಮಸಭೆಯು ತನ್ನ ಅಗಲಿದ ಮಕ್ಕಳನ್ನು ವಿಶೇಷವಾಗಿ ನೆನೆಯುವ ತಿಂಗಳು. ನಮ್ಮ ಧರ್ಮಕೇಂದ್ರಗಳಲ್ಲಿ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಬಲಿಪೂಜೆಗೆ ಒಪ್ಪಿಸುತ್ತೇವೆ. ಆ ಹೆಸರುಗಳ ನಡುವೆ ದೇಶದ ಗಡಿ ಕಾಯ್ದು, ನಿವೃತ್ತರಾಗಿ ಊರಿಗೆ ಮರಳಿ, ಎಲ್ಲರ ಗೌರವಕ್ಕೆ ಪಾತ್ರರಾಗಿ ಬಾಳಿದ ಸೈನಿಕರ ಹೆಸರುಗಳೂ ಇರುತ್ತವೆ. ಹಿರಿಯರೊಬ್ಬರು ತೀರಿಕೊಂಡಾಗ ಅವರ ಒಳ್ಳೆಯದನ್ನಷ್ಟೇ ಆಡಬೇಕೆಂಬುದು ನಮ್ಮ ನಾಡಿನ ಮರ್ಯಾದೆ. ಆದರೆ, ಪ್ರಿಯ ಓದುಗರೇ, ಮೃತರಿಗಾಗಿ ಧರ್ಮಸಭೆ ಮಾಡುವ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿದ್ದೀರಾ? ಅದು ಹೊಗಳಿಕೆಯಲ್ಲ, ಕ್ಷಮಾಯಾಚನೆ. ಕೃತಜ್ಞತೆ ಮತ್ತು ಸತ್ಯ ಎರಡನ್ನೂ ಬಿಡದೆ ಒಬ್ಬ ಮನುಷ್ಯನನ್ನು ನೆನೆಯುವುದು ಹೇಗೆ? ನಮ್ಮ ನೆರೆಯಲ್ಲೇ ನಡೆದ ಒಂದು ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಪಕ್ಕದಲ್ಲಿ ಹರಿಯುವ ಕೃಷ್ಣೆಯ ಜಾಡು ಹಿಡಿದು ಮೇಲಕ್ಕೆ ಸಾಗಿದರೆ ಬಲದಂಡೆಯಲ್ಲಿ ದೇವದುರ್ಗದ ಸೀಮೆ ಸಿಗುತ್ತದೆ. ಅಲ್ಲಿಂದ ಹೊಳೆ ದಾಟಿ ಹೋದರೆ ಗುಡ್ಡಗಳ ನಡುವಿನ ಸುರಪುರ. ಈಗ ಯಾದಗಿರಿ ಜಿಲ್ಲೆಗೆ ಸೇರಿದ ಈ ಊರು ಒಂದು ಕಾಲಕ್ಕೆ ಬೇಡ ನಾಯಕರ ಸಂಸ್ಥಾನದ ರಾಜಧಾನಿ. ಅಲ್ಲಿನ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಕಟ್ಟಡವಿದೆ. ಅದನ್ನು ಕಟ್ಟಿಸಿದವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಅವರು ತೀರಿಕೊಂಡು ಸುಮಾರು ಒಂದೂವರೆ ಶತಮಾನವಾದರೂ ಆ ಸೀಮೆಯಲ್ಲಿ ಅವರ ಹೆಸರು ಅಳಿದಿಲ್ಲ. ಜನರ ಬಾಯಲ್ಲಿ ಆ ಪರದೇಶಿ ಹೆಸರು ‘ಮಹಾದೇವ ಬಾಬಾ’ ಎಂದು ನಮ್ಮದೇ ಆಗಿಹೋಯಿತು.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದದ್ದು ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿಯಲು. ಆ ವ್ಯಾಪಾರದಲ್ಲಿ ಭವಿಷ್ಯವಿಲ್ಲವೆಂದು ಕಂಡಾಗ, ಅದೇ ವರ್ಷ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ದೊರೆಯಿತು. ಶಾಲಾ ಶಿಕ್ಷಣ ಪೂರ್ತಿಯಾಗದಿದ್ದರೂ ಈ ನೆಲದ ಭಾಷೆಗಳನ್ನು, ಕಾನೂನನ್ನು, ಭೂಮಾಪನವನ್ನು ಸ್ವಂತ ಪರಿಶ್ರಮದಿಂದ ಕಲಿತರು. 1839ರಲ್ಲಿ ಪ್ರಕಟವಾದ ಠಕ್ಕರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರುವಾಸಿಯಾದರು.

ಸುರಪುರದಲ್ಲಿ ಅರಸ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಅವರ ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮನವರ ಸುತ್ತ ಅರಮನೆಯ ಒಳಜಗಳ. ಮೇಲಿಂದ ನಿಜಾಮರಿಗೆ ಸಲ್ಲಿಸಬೇಕಾದ ಹಣದ ಹೊರೆ. ಇಂಥ ಹೊತ್ತಿನಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಟೇಲರ್ ನಿಯುಕ್ತರಾದರು. 1853ರವರೆಗೆ, ಹತ್ತು ವರ್ಷಕ್ಕೂ ಮೀರಿ, ಸುರಪುರವೇ ಅವರ ಮನೆಯಾಯಿತು. ಸಂಸ್ಥಾನದ ಹಣಕಾಸನ್ನು ಸರಿದಾರಿಗೆ ತಂದರು. ಬೋನಾಳದ ಹಳೆಯ ಕೆರೆಯನ್ನು ಸುಧಾರಿಸಿದರು. ರಾಜನ ಕೋಳೂರು ಮೊದಲಾದ ಕಡೆಗಳಲ್ಲಿನ ಬೃಹತ್ ಶಿಲಾಯುಗದ ಗೋರಿಗಳನ್ನು ಪರಿಶೀಲಿಸಿ ಲೇಖನಗಳನ್ನು ಬರೆದರು. ಈ ಭಾಗದ ಪ್ರಾಚೀನತೆಯನ್ನು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಅವರು ಮೊದಲಿಗರು. ಎಲ್ಲಕ್ಕಿಂತ ಮಿಗಿಲಾಗಿ, ತಂದೆಯಿಲ್ಲದ ಬಾಲಕ ಅರಸನನ್ನು ಅಕ್ಕರೆಯಿಂದ ಬೆಳೆಸಿದರು. ಬಾಲಕ ಅವರನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು.

1853 ನಮ್ಮ ರಾಯಚೂರಿನ ಪಾಲಿಗೂ ಮುಖ್ಯವಾದ ವರ್ಷ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಸೈನ್ಯದ ವೆಚ್ಚವನ್ನು ನಿಜಾಮರು ಭರಿಸಬೇಕಾಗಿತ್ತು. ಆ ಬಾಕಿ ಬೆಳೆದಾಗ ವರಾಡ ಪ್ರಾಂತ, ಧಾರಾಶಿವ ಪ್ರಾಂತ ಮತ್ತು ಕೃಷ್ಣೆ–ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್, ಈ ಮೂರನ್ನೂ ಒಪ್ಪಂದದ ಮೂಲಕ ಕಂಪನಿಯ ಆಡಳಿತಕ್ಕೆ ಬಿಟ್ಟುಕೊಡಬೇಕಾಯಿತು. ಹೊಳೆಯ ಈಚೆ ದಡದ ನಮ್ಮ ಹಿರಿಯರು ಉತ್ತು ಬಿತ್ತಿದ ನೆಲದ ಕಂದಾಯ ಒಂದು ಸೈನ್ಯದ ಸಂಬಳಕ್ಕೆ ಸಂದಿತು. ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ಸಂಸ್ಥಾನವನ್ನು ವಹಿಸಿ, ಟೇಲರ್ ಹೊಸದಾಗಿ ಕಂಪನಿಯ ಕೈಸೇರಿದ ನಳದುರ್ಗದ ಆಡಳಿತಕ್ಕೆ ಹೊರಟುಹೋದರು.

ಮುಂದಿನ ಐದು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1857ರ ಹೋರಾಟದ ಕಿಚ್ಚು ದಕ್ಷಿಣಕ್ಕೂ ಹಬ್ಬಿ, 1858ರ ಫೆಬ್ರವರಿಯಲ್ಲಿ ಸುರಪುರದ ತರುಣ ಅರಸರು ಬ್ರಿಟಿಷರ ವಿರುದ್ಧ ಕತ್ತಿ ಹಿರಿದರು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತರಾದರು. ಆದರೆ ಸುತ್ತಲಿಂದ ಸೈನ್ಯಗಳು ಬಂದು ಸೇರುತ್ತಿದ್ದಂತೆ ಸುರಪುರ ನಿಲ್ಲಲಾರದಾಯಿತು. ಅರಸರು ಹೈದರಾಬಾದಿಗೆ ಹೋಗಿ, ಅಲ್ಲಿ ಸೆರೆಯಾದರು.

ಆ ಸೆರೆಮನೆಗೆ ಟೇಲರ್ ಹೋದರು. ಅರಸರು ಓಡಿಬಂದು ಹಳೆಯ ‘ಅಪ್ಪಾ’ನನ್ನು ತಬ್ಬಿಕೊಂಡರಂತೆ. ತಮ್ಮನ್ನು ಪ್ರೇರೇಪಿಸಿದವರ ಹೆಸರು ಹೇಳಿದರೆ ಒಳಿತಾಗಬಹುದೆಂದು ಸೂಚಿಸಿದಾಗಲೂ ಒಬ್ಬರ ಹೆಸರನ್ನೂ ಹೇಳಲಿಲ್ಲ. ಪ್ರಾಣಭಿಕ್ಷೆ ಬೇಡಲಿಲ್ಲ; ಕಳ್ಳನಂತೆ ನೇಣಿಗೇರಿಸದಿರಲಿ ಎಂಬುದಷ್ಟೇ ಅವರ ಕೋರಿಕೆ. ಈ ಭೇಟಿಯ ವಿವರ ನಮಗೆ ದೊರೆಯುವುದು ಟೇಲರ್ ಅವರ ಆತ್ಮಕಥೆಯಿಂದ ಎಂಬುದನ್ನು ಮರೆಯಬಾರದು. ಆಳಿದವರು ಬರೆದಿಟ್ಟರು, ಸೆರೆಯಲ್ಲಿದ್ದವರಿಗೆ ಬರೆಯುವ ಅವಕಾಶವಿರಲಿಲ್ಲ. ಆದರೂ ತನ್ನ ಸರ್ಕಾರದ ವಿರುದ್ಧ ಬಂಡೆದ್ದವರ ಘನತೆಯನ್ನು ಮರೆಮಾಚದೆ ಬರೆದಿಟ್ಟದ್ದು ಆ ಅಧಿಕಾರಿಯ ಪ್ರಾಮಾಣಿಕತೆಗೆ ಸಾಕ್ಷಿ.

ಅರಸರಿಗೆ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಾಗಿ, ಬಳಿಕ ಗವರ್ನರ್ ಜನರಲರ ಆದೇಶದಂತೆ ನಾಲ್ಕು ವರ್ಷಗಳ ಸೆರೆವಾಸವಾಗಿ ಇಳಿಯಿತು. ಆದರೆ ಮದ್ರಾಸಿನ ಕಡೆಗೆ ಕರೆದೊಯ್ಯುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವರ ಪ್ರಾಣ ಹೋಯಿತು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ತಾವು ಸಾಕಿ ಬೆಳೆಸಿದ ಅರಸನಿಲ್ಲದ ಸುರಪುರವನ್ನು ಆಳಲು ಸರ್ಕಾರ ಮತ್ತೆ ಟೇಲರ್ ಅವರನ್ನೇ ಕಳುಹಿಸಿತು. ಅವರು ಹೋದರು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಒಪ್ಪಿಸಲಾಯಿತು. ರಾಯಚೂರು ದೋಆಬ್ ಕೂಡ ಅವರಿಗೇ ಮರಳಿತು. ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹಿಂತಿರುಗಿದರು.

ನಿವೃತ್ತ ಜೀವನವನ್ನು ಅವರು ಬರವಣಿಗೆಯಲ್ಲಿ ಕಳೆದರು. ಅವರ ಮರಣಾನಂತರ 1878ರಲ್ಲಿ ಪ್ರಕಟವಾದ, ಚಾಂದಬೀಬಿಯ ಕಾಲದ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತ ಸಮುದಾಯವೂ ಅಲ್ಲಿನ ಗುರುಗಳೂ ಕಾಣಿಸಿಕೊಳ್ಳುತ್ತಾರೆಂಬುದು ನಮಗೆ ಸಂತಸದ ವಿಷಯ. ಆದಿಲ್‌ಶಾಹಿಗಳ ಕಾಲದಿಂದ ಆ ಊರಿನಲ್ಲಿ ಉಳಿದುಬಂದ ನಮ್ಮ ವಿಶ್ವಾಸದ ಬೇರನ್ನು ಅವರು ಗಮನಿಸಿದ್ದರು. 1875ರಲ್ಲಿ ಸಾಲಾರ್ ಜಂಗರ ಆಹ್ವಾನದ ಮೇರೆಗೆ, ದೃಷ್ಟಿ ಮಂದವಾಗಿದ್ದರೂ, ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಹಿಂತಿರುಗುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮೆಂತೋನಿನಲ್ಲಿ ಕಣ್ಮುಚ್ಚಿದರು. ಮಗಳು ಸಿದ್ಧಪಡಿಸಿದ ಅವರ ಆತ್ಮಕಥೆ ಮರುವರ್ಷ ಪ್ರಕಟವಾಯಿತು.

ಪ್ರಿಯ ಓದುಗರೇ, ಇಂಥವರನ್ನು ನಾವು ಹೇಗೆ ನೆನೆಯಬೇಕು? ‘ಪರರ ಆಳ್ವಿಕೆಯ ಆಳು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಆಗ ಬೋನಾಳದ ಕೆರೆಯನ್ನೂ, ಅನಾಥ ಬಾಲಕನಿಗೆ ತೋರಿದ ಅಕ್ಕರೆಯನ್ನೂ, ಸೆರೆಮನೆಯ ಬಾಗಿಲಿಗೆ ನಡೆದುಹೋದ ಆ ಹೆಜ್ಜೆಗಳನ್ನೂ ನಾವು ಅಳಿಸಿದಂತಾಗುತ್ತದೆ. ‘ದೇವರಂಥ ಮನುಷ್ಯ’ ಎಂದು ಹಾಡಿ ಹೊಗಳಲೂಬಹುದು. ಆಗ ವೆಂಕಟಪ್ಪ ನಾಯಕರ ಸಾವನ್ನು ಮರೆತಂತಾಗುತ್ತದೆ. ಒಬ್ಬ ಮನುಷ್ಯ ತಾನು ಒಳ್ಳೆಯವನಾಗಿದ್ದೂ, ತಾನು ಸೇವೆ ಸಲ್ಲಿಸಿದ ವ್ಯವಸ್ಥೆಯ ಅನ್ಯಾಯವನ್ನು ತಡೆಯಲಾರದೆ ಹೋಗಬಹುದು. ಅದರ ಕೆಲಸವನ್ನು ಮುಂದುವರಿಸಲೂಬಹುದು. ಪ್ರೀತಿಯಿಂದ ‘ಅಪ್ಪಾ’ ಎಂದು ಕರೆಸಿಕೊಂಡವರು ಕಂದಾಯದ ಪುಸ್ತಕವನ್ನೂ ಹಿಡಿದಿದ್ದರು. ಎರಡೂ ನಿಜ.

ಸೆರೆಯಲ್ಲಿದ್ದವನನ್ನು ಕಾಣಲು ಹೋದವರನ್ನು ಪ್ರಭು ಕ್ರಿಸ್ತರು ಅಂತಿಮ ತೀರ್ಪಿನ ದಿನ ತಮ್ಮವರೆಂದು ಗುರುತಿಸುವರೆಂದು ಸಂತ ಮತ್ತಾಯರ ಶುಭಸಂದೇಶ ನಮಗೆ ಬೋಧಿಸುತ್ತದೆ. ಆ ತೀರ್ಪು ಅವರದು, ನಮ್ಮದಲ್ಲ. ನಮಗೆ ವಹಿಸಿದ್ದು ಸ್ಮರಣೆ ಮತ್ತು ಪ್ರಾರ್ಥನೆ. ಧರ್ಮಸಭೆ ಮೃತರಿಗಾಗಿ ಪ್ರಾರ್ಥಿಸುವುದು ಅವರು ಕೆಟ್ಟವರೆಂದಲ್ಲ. ದೇವರ ಕರುಣೆ ಬೇಡದ ಮನುಷ್ಯನೇ ಇಲ್ಲವೆಂದು.

ನಿಮ್ಮ ಮನೆಯಲ್ಲೂ, ನಿಮ್ಮ ಧರ್ಮಕೇಂದ್ರದಲ್ಲೂ ಸೈನ್ಯದಿಂದ ನಿವೃತ್ತರಾದ ಹಿರಿಯರು ಇದ್ದಾರು. ಅವರು ಬದುಕಿರುವಾಗಲೇ ಬಳಿಯಲ್ಲಿ ಕುಳಿತು ಕೇಳಿರಿ: ಎಲ್ಲಿ ಕೆಲಸ ಮಾಡಿದರು, ಯಾರನ್ನು ಕಳೆದುಕೊಂಡರು, ಯಾವ ಆಜ್ಞೆ ಅವರ ಎದೆಗೆ ಭಾರವಾಯಿತು. ಪದಕಗಳನ್ನು ಮಾತ್ರ ನೋಡಿ ಎದ್ದುಬರಬೇಡಿರಿ. ಕೇಳಿದ್ದನ್ನು ಮಕ್ಕಳಿಗೂ ಹೇಳಿರಿ. ಈ ತಿಂಗಳು ನಿಮ್ಮ ಮೃತರ ಹೆಸರುಗಳ ಚೀಟಿ ಬರೆಯುವಾಗ, ಹೊಳೆಯಾಚೆಯ ಆ ಇಬ್ಬರನ್ನೂ, ಕರ್ನಲ್ ಟೇಲರ್ ಅವರನ್ನೂ ರಾಜಾ ವೆಂಕಟಪ್ಪ ನಾಯಕರನ್ನೂ, ಒಂದೇ ಪ್ರಾರ್ಥನೆಯಲ್ಲಿ ನೆನೆಯಿರಿ. ಈ ಲೋಕದಲ್ಲಿ ಅವರನ್ನು ಅಗಲಿಸಿದ ಗೋಡೆ ದೇವರ ಸನ್ನಿಧಿಯಲ್ಲಿ ಇರದಿರಲಿ.